ಮಲೆನಾಡಿಗೆ ಮನೆ ಬದಲಾಯಿಸುವ ಮುಂಚೆ: ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ. ಬೆಂಗಳೂರು ಬಿಟ್ಟು ಮಲೆನಾಡಿಗೆ ಬರುವ ಯೋಚನೆ ಇದೆ. ಮಗನಿಗೆ 4 ವರ್ಷ, ಆಗಾಗ ವೀಸಿಂಗ್ (ಉಸಿರಾಡುವಾಗ ಎದೆಯಲ್ಲಿ ಸುಂಯ್ ಅನ್ನುವ ಸದ್ದು) ಬರುತ್ತದೆ. ಅಪ್ಪನಿಗೆ 71, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಸಾಗರದಿಂದ 14 ಕಿ.ಮೀ. ದೂರದಲ್ಲಿ ಒಂದು ತೋಟದ ಮನೆ, ಶಿರಸಿ ಪೇಟೆಯಲ್ಲಿ ಇನ್ನೊಂದು ಮನೆ ನೋಡಿದ್ದೇವೆ. ಮೇ ತಿಂಗಳಲ್ಲಿ ಹೋದಾಗ ಎರಡೂ ಇಷ್ಟವಾದವು. ಯಾವುದು ತಗೊಳ್ಳೋಣ?

ಉತ್ತರ: ಎರಡನ್ನೂ ಈಗಲೇ ತಗೊಳ್ಳಬೇಡಿ. ಜುಲೈಗೆ ಬನ್ನಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಿ.

ನಿಮ್ಮ ಮಗನ ವಿಷಯ ಮೊದಲು. ಇಲ್ಲಿ ಧೂಳು ಕಡಿಮೆ, ನಿಜ. ಆದರೆ ಥಂಡಿ ಜಾಸ್ತಿ. ಮನೆ ನೋಡುವಾಗ ಬೀರುವಿನ ಹಿಂದೆ ಕೈ ಹಾಕಿ ಗೋಡೆ ಮುಟ್ಟಿ. ಕೈಗೆ ಬೂಷ್ಟು ಹತ್ತಿದರೆ ಆ ಕೋಣೆಯಲ್ಲಿ ಮಗು ಮಲಗುವುದು ಬೇಡ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ, ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಒಲೆಯ ಹೊಗೆ. ಎರಡೂ ವೀಸಿಂಗ್ ಮಕ್ಕಳಿಗೆ ಆಗಿಬರುವುದಿಲ್ಲ.

ಇನ್ನೊಂದು. ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ರಾತ್ರಿ ಮಗುವನ್ನು ಎತ್ತಿಕೊಂಡು ಬಂದರು. ಮನೆಯಲ್ಲಿ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವ ಯಂತ್ರ) ಇತ್ತು, ಮೂರು ದಿನದಿಂದ ಕರೆಂಟ್ ಇರಲಿಲ್ಲ. ಮಗುವಿನ ಪಕ್ಕೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಹಾಗಾಗಿ ಇನ್ಹೇಲರ್ ಜೊತೆ ಮಾಸ್ಕ್ ಇರುವ ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಬಳಸುವುದನ್ನು ನಿಮ್ಮ ಡಾಕ್ಟರ್ ಹತ್ತಿರ ಕಲಿತೇ ಬನ್ನಿ. ಅದಕ್ಕೆ ಕರೆಂಟ್ ಬೇಡ.

ಅಪ್ಪನ ವಿಷಯದಲ್ಲಿ ಕಿ.ಮೀ. ನೋಡಬೇಡಿ, ನಿಮಿಷ ನೋಡಿ. ಹೃದಯಾಘಾತವಾದಾಗ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿಗೆ ತಲುಪಬೇಕಲ್ವಾ? ರಸ್ತೆಗೆ ಮರ ಅಡ್ಡ ಬಿದ್ದ ರಾತ್ರಿ ಆ 14 ಕಿ.ಮೀ. ಎರಡು ಗಂಟೆಯೂ ಆಗಬಹುದು. ಮುಂದಿನ ಚಿಕಿತ್ಸೆಗೆ ಸಾಗರದಿಂದ ಶಿವಮೊಗ್ಗ ಸುಮಾರು 70 ಕಿ.ಮೀ., ಶಿರಸಿಯಿಂದ ಹುಬ್ಬಳ್ಳಿ ಸುಮಾರು 100.

ನನ್ನನ್ನು ಕೇಳಿದರೆ ಸಾಗರ ಪೇಟೆಯೊಳಗೇ ಮನೆ ಹುಡುಕಿ. ಸಾಗರದಲ್ಲಿ ತಾಳಗುಪ್ಪ ರೈಲು ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶಿರಸಿಗೆ ರೈಲಿಲ್ಲ. ತೋಟದ ಆಸೆ ಇದ್ದರೆ ಎರಡು ವರ್ಷ ಬಿಟ್ಟು ನೋಡಿ, ಅಷ್ಟರಲ್ಲಿ ಊರು ನಿಮಗೂ ನೀವು ಊರಿಗೂ ಗುರುತಾಗಿರುತ್ತೀರಿ.

ಪ್ರಶ್ನೆ (ಇನ್ನೊಬ್ಬರಿಂದ): ಸಾಗರದ ಕಡೆ ಮಂಗನ ಕಾಯಿಲೆ ಅಂತಾರೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು, ತಿಳಿದುಕೊಂಡು ಹೋಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳನ್ನು ತರಗೆಲೆ ಬಿದ್ದ ಕಾಡಿಗೆ ಬಿಡಬೇಡಿ. ದೊಡ್ಡವರು ಹೋಗಲೇಬೇಕಾದರೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ, ಆವತ್ತೇ ಬಂದು ರಕ್ತ ಪರೀಕ್ಷೆ ಮಾಡಿಸಿ.