ಮ್ಯಾಡ್ರಿಡ್‌ನಿಂದ ಒಂದು ರಾತ್ರಿಗೆ ಅಲ್ಮಾಗ್ರೋ: ಹೋಗಬಹುದಾ?

ಪ್ರಶ್ನೆ: ಜುಲೈನಲ್ಲಿ ಅತ್ತೆ, ಮಾವನ ಜೊತೆ ಮ್ಯಾಡ್ರಿಡ್‌ಗೆ ಹೊರಟಿದ್ದೇವೆ. ಒಂದು ರಾತ್ರಿ ಯಾವುದಾದರೂ ಚಿಕ್ಕ ಊರಲ್ಲಿ ಉಳಿಯುವ ಆಸೆ. ತೊಲೇದೋ ಬೇಡ, ಅಲ್ಲಿ ಜನ ಜಾಸ್ತಿ. ಯಾರೋ ಅಲ್ಮಾಗ್ರೋ ಅಂದರು. ಮಾವನಿಗೆ ಇತಿಹಾಸದ ಹುಚ್ಚು, ಅತ್ತೆ ಮೊಟ್ಟೆಯನ್ನೂ ಮುಟ್ಟಲ್ಲ. ಹೋಗಿಬಂದವರು ಹೇಳ್ತೀರಾ?

ಮ್ಯಾಡ್ರಿಡ್ ವಾಸಿ: ಕಣ್ಣು ಮುಚ್ಚಿಕೊಂಡು ಹೋಗಿ. ಸಿಯುದಾದ್ ರಿಯಾಲ್‌ವರೆಗೆ ಫಾಸ್ಟ್ ಟ್ರೇನ್‌ನಲ್ಲಿ ಸುಮಾರು 1 ಗಂಟೆ, ಅಲ್ಲಿಂದ 25 ಕಿ.ಮೀ. ಆದರೆ ಅದೇ ದಿನ ವಾಪಸ್ ಬರಬೇಡಿ, ಆ ಊರಿಗೆ ಜೀವ ಬರೋದೇ ಕತ್ತಲಾದ ಮೇಲೆ.

ಇರೋದು ಸುಮಾರು 9 ಸಾವಿರ ಜನ. ನಡುವಿನ ಚೌಕ ನೋಡಿದರೆ ಮಾತ್ರ ಯಾವುದೋ ದೊಡ್ಡ ಪಟ್ಟಣದ್ದು ಅನ್ನಿಸುತ್ತದೆ. ಉದ್ದಕ್ಕೂ ಎರಡು ಕಡೆ ಕಲ್ಲುಕಂಬಗಳ ಸಾಲು. ಮೇಲೆ ಎರಡು ಅಂತಸ್ತು ಬರೀ ಗಾಜಿನ ಕಿಟಕಿ, ಮರದ ಚೌಕಟ್ಟಿಗೆಲ್ಲ ಹಸಿರು ಬಣ್ಣ. ಬಿಸಿಲು ಸುಡುವ ಈ ಲಾ ಮಾಂಚಾ ಸೀಮೆಯಲ್ಲಿ ಇಷ್ಟು ಗಾಜು ಯಾಕೆ ಅಂತ ನಿಮ್ಮ ಮಾವ ಕೇಳದೇ ಇರಲ್ಲ. ಅದರ ಹಿಂದೆ ಸಾಲದ ಕಥೆ ಇದೆ.

ಮೊದಲು ಇದು ಕಲತ್ರಾವಾ ಎಂಬ ಯೋಧ ಸನ್ಯಾಸಿಗಳ ಪಂಥದ ಊರು. 1519ರಲ್ಲಿ ಸ್ಪೇನ್ ರಾಜ ಒಂದನೇ ಕಾರ್ಲೋಸ್ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಆಯ್ಕೆಯಾಗಲು ಜರ್ಮನಿಯ ಫುಗ್ಗರ್ ಸಾಹುಕಾರರಿಂದ ಭಾರೀ ಸಾಲ ಎತ್ತಿದ. ಆ ಸಾಲಕ್ಕೆ ಪಂಥದ ಜಮೀನಿನ ವರಮಾನ, ಅಲ್ಮಾದೇನ್‌ನ ಪಾದರಸದ ಗಣಿ ಎರಡನ್ನೂ ಅವರಿಗೆ ಗುತ್ತಿಗೆ ಕೊಡಬೇಕಾಯಿತು. ಮುಂದೆ ಮೆಕ್ಸಿಕೋದಲ್ಲಿ ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸವೇ ಬೇಕಾಯಿತು. ಇನ್ನೇನು, ದುಡ್ಡಿನ ಹೊಳೆ! ಸಾಹುಕಾರರ ಏಜೆಂಟರು ಅಲ್ಮಾಗ್ರೋದಲ್ಲಿ ಮನೆ ಮಾಡಿದರು. ಗಾಜಿನ ಕಿಟಕಿ ಅವರ ಕಡೆಯಿಂದ ಬಂದ ರೂಢಿ ಅಂತ ಹೇಳುತ್ತಾರೆ. ಅವರ ಹಳೇ ಉಗ್ರಾಣ ಇನ್ನೂ ಇದೆ, ಒಳಗಿನ ಅಂಗಳ ನೋಡಿ ಬನ್ನಿ.

ನಾಟಕದ ಹುಚ್ಚಿ: ಜುಲೈ ಅಂದ್ರಲ್ಲ, ರೂಮು ಈಗಲೇ ಹಿಡಿಯಿರಿ. 1978ರಿಂದ ಆ ತಿಂಗಳು ಅಲ್ಲಿ ಶಾಸ್ತ್ರೀಯ ನಾಟಕೋತ್ಸವ, ಬೆಲೆ ಏರಿರುತ್ತದೆ. ಚೌಕದಲ್ಲೇ ಒಂದು ಬಾಗಿಲು ದಾಟಿ ಒಳಗೆ ಹೋದರೆ 1628ರ ನಾಟಕಶಾಲೆ. ಕಟ್ಟಿಸಿದ್ದು ಒಬ್ಬ ಪಾದ್ರಿ! ನಡುವೆ ತೆರೆದ ಅಂಗಳ, ಪಕ್ಕದಲ್ಲಿ ಬಾವಿ, ಸುತ್ತ ಕೆಮ್ಮಣ್ಣು ಬಳಿದ ಮರದ ಕಂಬಗಳು. ಹೆಂಗಸರು ಬೇರೆಯೇ ಕೂರಬೇಕಿತ್ತು, ರಂಗದ ಎದುರಿಗೆ. ನಾಟಕ ನಿಂತ ಮೇಲೆ ಜಾಗ ಛತ್ರವಾಯಿತು, ನಾಟಕಶಾಲೆ ಅನ್ನೋದೇ ಜನಕ್ಕೆ ಮರೆತುಹೋಯಿತು. 1950ರ ದಶಕದಲ್ಲಿ ರಿಪೇರಿ ಮಾಡುವಾಗ ಹಳೇ ರಂಗ ಸಿಕ್ಕಿತು. ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ಆದರೂ ಮೇಲಿನ ಸಾಲಿನಲ್ಲಿ ಕೂತು, ಕಂಬಕ್ಕೊರಗಿ ಪೂರ್ತಿ ನೋಡಿದೆ. ಸುಮ್ನೆ ಕಟ್ಟಡ ನೋಡಿ ಬರುವವರನ್ನು ಕಂಡರೆ ಪಾಪ ಅನ್ನಿಸುತ್ತದೆ.

ಧಾರವಾಡದವನು: ಜುಲೈ ಅಂದರೆ ನಾನಾದರೆ ಯೋಚನೆ ಮಾಡುತ್ತೇನೆ. ಮಧ್ಯಾಹ್ನ 40 ಡಿಗ್ರಿ ಹತ್ತಿರ ಹೋಗುತ್ತದೆ. ಎರಡರಿಂದ ಐದರವರೆಗೆ ಅಂಗಡಿಗಳೆಲ್ಲ ಬಂದ್. ಹಿರಿಯರಿಗೆ ಎ.ಸಿ. ರೂಮು ಬೇಕೇ ಬೇಕು. ನಾಟಕ ಮುಖ್ಯ ಅಲ್ಲ ಅನ್ನುವವರಿಗೆ ಸೆಪ್ಟೆಂಬರ್ ಒಳ್ಳೆಯದು.

ಊಟದ ಚಿಂತೆ ಅಷ್ಟು ಬೇಡ. ಈ ಊರಿನ ಹೆಸರೇ ಬದನೆಕಾಯಿ ಉಪ್ಪಿನಕಾಯಿಗೆ! ಎಣ್ಣೆಗಾಯಿಗೆ ಹಾಕುವಂಥ ಪುಟ್ಟ ಎಳೆ ಬದನೆ. ತೊಟ್ಟು ತೆಗೆಯದೆ ಬೇಯಿಸಿ, ವಿನೆಗರ್, ಎಣ್ಣೆ, ಜೀರಿಗೆ, ಬೆಳ್ಳುಳ್ಳಿಯಲ್ಲಿ ನೆನೆಹಾಕುತ್ತಾರೆ. ಹೊಟ್ಟೆಯೊಳಗೆ ಕೆಂಪು ದಪ್ಪಮೆಣಸಿನ ಚೂರು ಇಟ್ಟು ಸೋಂಪಿನ ಗಿಡದ ಕಡ್ಡಿ ಚುಚ್ಚಿರುತ್ತಾರೆ. ತೊಟ್ಟು ಹಿಡಿದು ಕಚ್ಚೋದು. ಅನ್ನ, ಮೊಸರು ಇರಬೇಕಿತ್ತು ಅನ್ನಿಸಿತು.

ಹುಷಾರಾಗಿರಬೇಕಾದ್ದು ‘ಪಿಸ್ತೋ’ ತಗೊಳ್ಳುವಾಗ. ಅದು ತರಕಾರಿ ಪಲ್ಯವೇ, ಆದರೆ ಮೇಲೆ ಮೊಟ್ಟೆ ಇಟ್ಟು ತರಬಹುದು. ‘ಮಾಂಸ ಬೇಡ’ ಅಂದರೆ ಸಾಲದು, ಹಂದಿಮಾಂಸದ ಚೂರನ್ನು ಕೆಲವರು ಲೆಕ್ಕಕ್ಕೇ ಹಿಡಿಯಲ್ಲ. ‘ಸಿನ್ ಹಮೋನ್, ಸಿನ್ ವೇವೋ’ (ಹಂದಿಮಾಂಸ ಬೇಡ, ಮೊಟ್ಟೆ ಬೇಡ) ಅಂತ ಬಿಡಿಸಿ ಹೇಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್! ಮಾವ ನಾಟಕಕ್ಕೂ ರೆಡಿ. ಅತ್ತೆಗೆ ಲೇಸ್ ಬೇಕಂತೆ, ಅಲ್ಲಿ ಸಿಗುತ್ತಾ?

ನಾಟಕದ ಹುಚ್ಚಿ: ಸಿಗುತ್ತೆ, ಅದಕ್ಕೂ ಹೆಸರುವಾಸಿ. ದಿಂಬಿನ ಮೇಲೆ ಗುಂಡುಪಿನ್ನು ಚುಚ್ಚಿ, ಮರದ ಕಡ್ಡಿಗಳಿಗೆ ಸುತ್ತಿದ ದಾರವನ್ನು ಹೆಣೆಯುತ್ತಾರೆ. ಮೊದಲು ಲೇಸ್ ಮ್ಯೂಸಿಯಂ ನೋಡಿದರೆ ಕೈಕೆಲಸ ಯಾವುದು ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲಿ ಮಷೀನಿಂದಾ ಅಂತ ಕೇಳಿಯೇ ದುಡ್ಡು ಕೊಡಿ.