ಎಸ್‌ಕೆಒವಿ-3 ಸಾಕೇ, ರೋಗಿಯಿಂದಲೇ ಹೊಸ ಸೆಲ್ ಲೈನ್ ಬೆಳೆಸಬೇಕೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ):
ನಮಸ್ಕಾರ. ಅಂಡಾಶಯದ ಹೈ-ಗ್ರೇಡ್ ಸೀರಸ್ ಬಗೆಯ ಕ್ಯಾನ್ಸರ್ ಕೆಲಕಾಲದ ನಂತರ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧಕ್ಕೆ ಏಕೆ ಜಗ್ಗುವುದಿಲ್ಲ ಎಂಬುದು ನನ್ನ ಪಿಎಚ್‌ಡಿ ವಿಷಯ. ನಮ್ಮ ಲ್ಯಾಬಿನಲ್ಲಿ ಮೊದಲಿನಿಂದಲೂ ಇರುವುದು ಎಸ್‌ಕೆಒವಿ-3 ಮತ್ತು ಎ2780 ಎಂಬ ಸೆಲ್ ಲೈನ್‌ಗಳು (ಲ್ಯಾಬಿನಲ್ಲಿ ನಿರಂತರವಾಗಿ ಬೆಳೆಸುವ ಕ್ಯಾನ್ಸರ್ ಕೋಶಗಳು) ಮಾತ್ರ. ಎರಡು ವರ್ಷಗಳ ಪ್ರಯೋಗಗಳೆಲ್ಲ ಅವುಗಳ ಮೇಲೆಯೇ ನಡೆದಿವೆ. ಈ ಎರಡೂ ಆ ಕಾಯಿಲೆಯನ್ನು ಪ್ರತಿನಿಧಿಸುವುದಿಲ್ಲವೆಂದು ನನ್ನ ಪ್ರಬಂಧದ ವಿಮರ್ಶಕರು ಬರೆದಿದ್ದಾರೆ. ರೋಗಿಗಳ ಹೊಟ್ಟೆಯಿಂದ ತೆಗೆದ ನೀರನ್ನು ಆಸ್ಪತ್ರೆಯಿಂದ ತಂದು ನಾವೇ ಸೆಲ್ ಲೈನ್ ಬೆಳೆಸುವುದು ಸೂಕ್ತವೇ?

ಉತ್ತರ 1:
ವಿಮರ್ಶಕರ ಮಾತಿನಲ್ಲಿ ಹುರುಳಿದೆ. 2011ರಲ್ಲಿ ಪ್ರಕಟವಾದ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನವು 489 ಹೈ-ಗ್ರೇಡ್ ಸೀರಸ್ ಗಡ್ಡೆಗಳನ್ನು ವಿಶ್ಲೇಷಿಸಿತು; ಅವುಗಳಲ್ಲಿ 316ರ ಜೀನ್‌ಗಳನ್ನು ಓದಿದಾಗ ಶೇ. 96ರಷ್ಟರಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನ್ ಕೆಟ್ಟಿತ್ತು. ಎ2780ರಲ್ಲಾದರೋ ಆ ಜೀನ್ ಸರಿಯಾಗಿಯೇ ಇದೆ. 2013ರಲ್ಲಿ 47 ಸೆಲ್ ಲೈನ್‌ಗಳನ್ನು ಆ ಗಡ್ಡೆಗಳೊಂದಿಗೆ ಹೋಲಿಸಿದವರಿಗೆ, ಎಲ್ಲರೂ ಬಳಸುವ ಈ ಎರಡಕ್ಕಿಂತ ಯಾರೂ ಅಷ್ಟಾಗಿ ಮುಟ್ಟದ ಕುರಾಮೋಚಿಯಂಥವು ಹೆಚ್ಚು ಹತ್ತಿರವೆಂದು ಕಂಡುಬಂತು.

ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದಂಥವು ಎಡಿನ್‌ಬರೋದಲ್ಲಿ ಒಬ್ಬರೇ ಮಹಿಳೆಯಿಂದ ಬೇರೆ ಬೇರೆ ಸಮಯದಲ್ಲಿ ಪಡೆದ ಪಿಇಒ1 ಮತ್ತು ಪಿಇಒ4 ಸೆಲ್ ಲೈನ್‌ಗಳು. ಡಿಎನ್‌ಎ ದುರಸ್ತಿಗೆ ಬೇಕಾದ ಬಿಆರ್‌ಸಿಎ2 ಜೀನಿನಲ್ಲಿ, ಪಿಇಒ1ರಲ್ಲಿ, ಟೈರೋಸಿನ್ ಎಂಬ ಅಮೈನೊ ಆಮ್ಲವನ್ನು ಸೂಚಿಸುವ ಟಿಎಸಿ ಎಂಬ ಮೂರಕ್ಷರ ‘ಇಲ್ಲಿಗೆ ನಿಲ್ಲು’ ಎನ್ನುವ ಟಿಎಜಿ ಆಗಿ ಪ್ರೋಟೀನು ಅರ್ಧಕ್ಕೇ ನಿಂತುಹೋಗುತ್ತದೆ, ಹಾಗಾಗಿ ಔಷಧ ಡಿಎನ್‌ಎಗೆ ಮಾಡಿದ ಹಾನಿಯನ್ನು ಸರಿಪಡಿಸಿಕೊಳ್ಳಲಾಗದೆ ಕೋಶಗಳು ಸಾಯುತ್ತವೆ. ಸಿಸ್‌ಪ್ಲಾಟಿನ್ ಕೆಲಸ ಮಾಡದಂತಾದ ಮೇಲೆ ತೆಗೆದ ಪಿಇಒ4ರಲ್ಲಿ ಅದೇ ಜಾಗ ಟಿಎಟಿ ಆಗಿದೆ. ಟಿಎಟಿ ಎಂದರೂ ಟೈರೋಸಿನ್ನೇ ಆದ್ದರಿಂದ ಪ್ರೋಟೀನು ಮತ್ತೆ ಪೂರ್ತಿಯಾಗುತ್ತದೆ. ಒಂದೇ ಅಕ್ಷರದಿಂದ ಕೋಶಗಳು ಔಷಧವನ್ನು ಜಯಿಸಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜೋಡಿ ನನಗೆ ಬೇರೆ ಕಂಡಿಲ್ಲ.

ಉತ್ತರ 2:
ಹೊಸದಾಗಿ ಬೆಳೆಸುವುದು ಒಳ್ಳೆಯದೇ, ಆದರೆ ಪಿಎಚ್‌ಡಿಯ ಮೂರನೆಯ ವರ್ಷದಲ್ಲಿ ಅದಕ್ಕೆ ಕೈಹಾಕಬೇಡಿ. ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಯ ಲಿಖಿತ ಒಪ್ಪಿಗೆ ದೊರೆತ ಮೇಲೂ ನಿಜವಾದ ಕಷ್ಟವಿರುವುದು ಫ್ಲಾಸ್ಕಿನಲ್ಲಿ. ಆರಂಭದಲ್ಲಿ ಕ್ಯಾನ್ಸರ್ ಕೋಶಗಳು ಗುಂಪುಗುಂಪಾಗಿ ತೇಲುತ್ತಿರುತ್ತವೆ. ಕೆಲವು ವಾರಗಳಲ್ಲಿ ಕದಿರಿನಂತೆ ಉದ್ದನೆಯ ಫೈಬ್ರೊಬ್ಲಾಸ್ಟ್‌ಗಳು (ಕ್ಯಾನ್ಸರ್ ಅಲ್ಲದ ಸಂಯೋಜಕ ಅಂಗಾಂಶದ ಕೋಶಗಳು) ತಳವನ್ನೆಲ್ಲ ಆವರಿಸಿಬಿಡುತ್ತವೆ. ನಾನೊಮ್ಮೆ ಮೂರು ತಿಂಗಳು ಜೋಪಾನ ಮಾಡಿದ ಫ್ಲಾಸ್ಕಿಗೆ ಈ ಕ್ಯಾನ್ಸರ್ ಕೋಶಗಳನ್ನು ಗುರುತಿಸುವ ಪಿಎಎಕ್ಸ್8 ಬಣ್ಣ ಹಾಕಿ ನೋಡಿದರೆ ಒಂದು ಕೋಶವೂ ಹೊಳೆಯಲಿಲ್ಲ. 2015ರಲ್ಲಿ 25 ಹೊಸ ಸೆಲ್ ಲೈನ್‌ಗಳನ್ನು ವರದಿ ಮಾಡಿದ ತಂಡವು ಇದಕ್ಕೆಂದೇ ಪ್ರತ್ಯೇಕ ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ರೂಪಿಸಬೇಕಾಯಿತು.

ಉತ್ತರ 3:
ಹಳೆಯ ಫಲಿತಾಂಶಗಳನ್ನು ಎಸೆಯಬೇಕಾಗಿಲ್ಲ ಎಂಬುದಷ್ಟೇ ನನ್ನ ಸೇರ್ಪಡೆ. ನಿಮ್ಮ ಎರಡು ಲೈನ್‌ಗಳಲ್ಲೂ ಎಆರ್‌ಐಡಿ1ಎ ಜೀನ್ ಕೆಟ್ಟಿದೆ. ಅದು ಕೆಡುವುದು ಅಂಡಾಶಯದ ಕ್ಯಾನ್ಸರಿನ ಕ್ಲಿಯರ್ ಸೆಲ್ ಮತ್ತು ಎಂಡೊಮೆಟ್ರಿಯಾಯ್ಡ್ ಬಗೆಗಳಲ್ಲಿ ಸಾಮಾನ್ಯ. ಶೀರ್ಷಿಕೆಯಿಂದ ‘ಹೈ-ಗ್ರೇಡ್ ಸೀರಸ್’ ತೆಗೆದು, ಈ ಮಿತಿಯನ್ನು ಚರ್ಚೆಯ ಭಾಗದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ. ಡಬ್ಬಿಯಲ್ಲಿರುವುದು ನಿಜಕ್ಕೂ ಎಸ್‌ಕೆಒವಿ-3 ಹೌದೇ ಎಂದು ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯಿಂದ ಸೆಲ್ ಲೈನಿನ ಗುರುತು ಪತ್ತೆ) ಮಾಡಿಸಿದ್ದೀರಾ?

ಪ್ರಶ್ನೆ ಕೇಳಿದವರು:
ಮಾಡಿಸಿಲ್ಲ, ವಯಲ್ ಮೇಲಿನ ಹೆಸರನ್ನೇ ನಂಬಿದ್ದೆವು. ಮಾದರಿಯನ್ನು ಸೋಮವಾರ ಕಳುಹಿಸುತ್ತಿದ್ದೇನೆ. ಪಿಇಒ ಜೋಡಿಯನ್ನು ತರಿಸಲು ಗೈಡ್ ಒಪ್ಪಿದ್ದಾರೆ.