ದೊಡ್ಡಪ್ಪನ 20 ಲೀಟರ್ ಬಕೆಟ್

ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ಕಿತ್ತು ಹಾಕಿದ್ದೇನೆ. ನಮ್ಮದು ಕೊಪ್ಪಳ. ಮನೆಯಲ್ಲಿ ಗಾಡಿ ಮೂರು: ದೊಡ್ಡಪ್ಪನ ಟ್ರ್ಯಾಕ್ಟರ್, ಎಲ್ಲರೂ ಓಡಿಸುವ ಆದರೆ ಯಾರೂ ಬಾನೆಟ್ ಎತ್ತದ 2014ರ ಡಿಸೈರ್ ಡೀಸೆಲ್, ಕಾಕಾ 2022ರಲ್ಲಿ ತಗೊಂಡ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರು. ನಾನು ಗಂಗಾವತಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರ್‌ನಲ್ಲಿ ಆರು ವರ್ಷದಿಂದ ನಿಂತವನು. ಅದಕ್ಕೇ ಬಾಯಿ ಹಾಕಿದೆ.

ದೊಡ್ಡಪ್ಪ: (ಕಟ್ಟೆಯ ಮೇಲೆ ಕೂತ ದೊಡ್ಡ ಎಣ್ಣೆ ಬಕೆಟ್‌ನ ಫೋಟೋ) 15ಡಬ್ಲ್ಯೂ-40 ಎಂಜಿನ್ ಎಣ್ಣೆ, ಸಿಐ-4 ಪ್ಲಸ್ ಗ್ರೇಡ್. ಹೋಲ್‌ಸೇಲ್‌ನಲ್ಲಿ ಸಿಕ್ತು. ಟ್ರ್ಯಾಕ್ಟರ್‌ಗೆ 7 ಲೀಟರ್, ಡಿಸೈರ್‌ಗೆ 3, ತಮ್ಮನ ಕಾರಿಗೆ 5. ಇನ್ನೂ 5 ಉಳಿಯುತ್ತೆ. ಮೂರು ಮನೆಯವರೂ ದುಡ್ಡು ಹಂಚಿಕೊಳ್ಳಿ.

ಕಾಕಾ: ಒಳ್ಳೆ ಕೆಲಸ ಮಾಡಿದೆ ಅಣ್ಣಾ. ಸರ್ವಿಸ್‌ಗೆ ಬಿಟ್ರೆ ಸುಮ್ನೆ ಸುಲಿಯುತ್ತಾರೆ.

ಚಿಗವ್ವ: ಬಕೆಟ್ ಗಟ್ಟಿ ಇದೆ ಅಲ್ವಾ?

(ಇದಕ್ಕೆ ಆಗ ಯಾರೂ ಉತ್ತರ ಕೊಡಲಿಲ್ಲ.)

ನಾನು: ದೊಡ್ಡಪ್ಪ, ಟ್ರ್ಯಾಕ್ಟರ್‌ಗೆ ಸರಿಯಾದ ಎಣ್ಣೆ, ಎರಡು ಮಾತಿಲ್ಲ. ಡಿಸೈರ್‌ಗೆ ಬೇಡ. ಕಾಕಾನ ಕಾರಿಗಂತೂ ಒಂದು ತೊಟ್ಟೂ ಬೇಡ.

ದೊಡ್ಡಪ್ಪ: ಯಾಕಪಾ? ಡೀಸೆಲ್ ಅಂದ್ರೆ ಡೀಸೆಲ್. ಬಕೆಟ್ ಮೇಲೆ ಲಾರಿ ಚಿತ್ರ ಇದೆ. ಲಾರಿಗೆ ತಡೆಯೋ ಎಣ್ಣೆ ಕಾರಿಗೆ ತಡೆಯಲ್ವಾ? ಅದೂ ಅಲ್ಲದೆ ನಮ್ಮ ಬಿಸಿಲು 40 ದಾಟುತ್ತೆ. ತೆಳು ಎಣ್ಣೆ ನೀರಾಗಿ ಹೋಗುತ್ತೆ.

ನಾನು: ಹೊರಗೆ 42 ಇರಲಿ 22 ಇರಲಿ, ಎಂಜಿನ್ ಕಾದ ಮೇಲೆ ಅದನ್ನು ತಂಪಿಡೋ ಕೂಲಂಟ್ 90 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ. ಥರ್ಮೋಸ್ಟಾಟ್ ಇರೋದೇ ಅದಕ್ಕೆ. ಎಣ್ಣೆಯ ಎರಡನೇ ನಂಬರ್, 30, 40 ಅಂತ ಇರೋದನ್ನು ಅಳೆಯೋದೇ 100 ಡಿಗ್ರಿಯಲ್ಲಿ. ಬಿಸಿಲು ಅಂತ ನಂಬರ್ ಏರಿಸಬೇಕಿಲ್ಲ. ಡಬ್ಲ್ಯೂ ಜೊತೆ ಇರೋ ಮೊದಲ ನಂಬರ್, ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದರ ಲೆಕ್ಕ. ಡಬ್ಲ್ಯೂ ಅಂದ್ರೆ ವಿಂಟರ್.

ದೊಡ್ಡಪ್ಪ: ಕೊಪ್ಪಳದಲ್ಲಿ ವಿಂಟರ್ ಎಲ್ಲಿ ಬಂತು ತಮ್ಮಾ?

ನಾನು: ಎಂಜಿನ್‌ಗೆ ಬೆಳಿಗ್ಗೆ 25 ಡಿಗ್ರಿನೂ ಚಳೀನೇ. ರಾತ್ರಿಯೆಲ್ಲ ಎಣ್ಣೆ ಕೆಳಗಿನ ತೊಟ್ಟಿ, ಅಂದ್ರೆ ಚೇಂಬರ್‌ಗೆ ಇಳಿದಿರುತ್ತೆ. ಕೀ ತಿರುಗಿಸಿದ ಕೂಡಲೇ ಪಂಪ್ ಅದನ್ನು ಮೇಲಕ್ಕೆ, ಟರ್ಬೋ ತನಕ ಮುಟ್ಟಿಸಬೇಕು. ಡಿಸೈರ್‌ನಲ್ಲಿರೋದು 1.3 ಫಿಯಟ್ ಎಂಜಿನ್. ಅದರ ಟೈಮಿಂಗ್ ಚೈನ್ ಬಿಗಿ ಹಿಡಿಯೋ ಟೆನ್ಷನರ್ ಎಣ್ಣೆಯ ಒತ್ತಡದ ಮೇಲೆ ನಿಂತಿದೆ. ದಪ್ಪ ಎಣ್ಣೆ ತಡವಾಗಿ ಬಂದ್ರೆ ಅಷ್ಟು ಹೊತ್ತೂ ಚೈನ್ ಸಡಿಲವಾಗೇ ಓಡುತ್ತೆ. ಅಕ್ಕಾ, ಬೆಳಿಗ್ಗೆ ಏನೋ ಸದ್ದು ಅಂದಿದ್ದೆ ಅಲ್ವಾ?

ಅಕ್ಕ: ಹೌದು. ಎರಡು ಮೂರು ಸೆಕೆಂಡ್. ಡಬ್ಬಿಯೊಳಗೆ ಬೀಗದಕೈ ಗೊಂಚಲು ಅಲ್ಲಾಡಿಸಿದ ಹಾಗೆ. ಆಮೇಲೆ ನಿಂತುಬಿಡುತ್ತೆ.

ನಾನು: ಅದು ಚೈನ್ ಇರಬಹುದು. ಈ ವಾರವೇ ಮೇಸ್ತ್ರಿಗೆ ಕೇಳಿಸು.

ಭಾವ: ಇಲ್ಲಿ ಸ್ಟ್ಯಾಂಡಿನ ಟ್ಯಾಕ್ಸಿಯವರು ಇದೇ ಗಾಡಿಗೆ 15-40 ಹಾಕಿ ಎರಡು ಲಕ್ಷ ಕಿಲೋಮೀಟರ್ ಓಡಿಸಿದ್ದಾರೆ. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?

(ಈ ಏಟು ನಿಜವಾಗಿ ತಾಗಿತು. ಅವರಲ್ಲಿ ಅರ್ಧ ಜನ ಎಣ್ಣೆ ಒಯ್ಯೋದು ನಮ್ಮ ಅಂಗಡಿಯಿಂದಲೇ.)

ನಾನು: ಇಲ್ಲ ಭಾವ, ಒಪ್ಪುತ್ತೇನೆ. ಹಾಕಿದ್ರೆ ನಾಳೆಯೇ ಎಂಜಿನ್ ಸಾಯಲ್ಲ. ಆದ್ರೆ ಟ್ಯಾಕ್ಸಿ ಬೆಳಿಗ್ಗೆ ಕಾದ್ರೆ ರಾತ್ರಿ ತನಕ ಆರಲ್ಲ. ಅವರು 7-8 ಸಾವಿರ ಕಿಲೋಮೀಟರಿಗೇ ಎಣ್ಣೆ ಚೇಂಜ್ ಮಾಡುತ್ತಾರೆ. ನಮ್ಮ ಡಿಸೈರ್ ಮೂರು ದಿನ ಅಂಗಳದಲ್ಲಿ ನಿಲ್ಲುತ್ತೆ, ನಾಲ್ಕನೇ ದಿನ ಸಂತೆಗೆ ಹೋಗಿ ಬರುತ್ತೆ. ಬಾಗಿಲ ಸ್ಟಿಕ್ಕರ್ ನೋಡಿದೆ. ಹಿಂದಿನ ಚೇಂಜ್ ಆಗಿ 17 ಸಾವಿರ ಕಿಲೋಮೀಟರ್ ಆಗಿದೆ! ಗಾಡಿ ಜೊತೆ ಬಂದ ಪುಸ್ತಕದಲ್ಲಿ 10 ಸಾವಿರ ಅಂತ ಇದೆ, ಅಷ್ಟು ಓಡದಿದ್ರೂ ವರ್ಷಕ್ಕೊಮ್ಮೆ. ದಪ್ಪ ತೆಳು ಜಗಳ ಆಮೇಲೆ, ಮೊದಲು ಇದು. ಅದಕ್ಕೆ ಬೇಕಾಗಿರೋದು 5ಡಬ್ಲ್ಯೂ-30, ಅದೂ 3 ಲೀಟರ್ ಸುಮಾರು. 3 ಲೀಟರ್‌ನಲ್ಲಿ ಎಷ್ಟು ಉಳಿಸ್ತೀರಿ?

ಅಕ್ಕ: ಹೋದ ಸಲ ಹಾಕಿಸಿದ ಎರಡೇ ದಿನಕ್ಕೆ ಎಣ್ಣೆ ಕರ್ರಗಾಗಿತ್ತು. ಹಳೆ ಎಣ್ಣೆನೇ ಹಾಕಿ ಮೋಸ ಮಾಡಿದ್ರು ಅಂತ ಜಗಳ ಆಡಿ ಬಂದೆ.

ನಾನು: ಅಯ್ಯೋ, ಡೀಸೆಲ್ ಎಂಜಿನ್‌ನಲ್ಲಿ ಹಾಗೇ ಆಗೋದು. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲಿ ಹಿಡಿದುಕೊಳ್ಳೋದು ಎಣ್ಣೆಯ ಕೆಲಸ. ಕಪ್ಪಾದ್ರೆ ಕೆಲಸ ಮಾಡ್ತಿದೆ ಅಂತ. ಆ ಮೇಸ್ತ್ರಿ ಹತ್ರ ಒಂದ್ಸಲ ಚಹಾ ಕುಡಿದು ಬಾ.

ಕಾಕಾ: ಸರಿ, ನನ್ನದಕ್ಕೆ ಯಾಕೆ ಒಂದು ತೊಟ್ಟೂ ಬೇಡ? ನನ್ನ ಎಂಜಿನ್ ಎಣ್ಣೆ ತಿನ್ನೋದೇ ಇಲ್ಲ. ನೋಡು. (ಎಣ್ಣೆ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್ ಫೋಟೋ)

ಆ ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಕಡ್ಡಿಯಲ್ಲಿ ಎಣ್ಣೆ ದಾಟಬಾರದ ಗೀಟು ಎಣ್ಣೆಯೊಳಗೆ ಮುಳುಗಿತ್ತು. ಅದಕ್ಕಿಂತ ಒಂದು ಬೆರಳು ಮೇಲಿನ ತನಕ ಎಣ್ಣೆ ಹೊಳೆಯುತ್ತಿತ್ತು.

ನಾನು: ಕಾಕಾ, ಇತ್ತೀಚೆಗೆ ಮೇಲಿಂದ ಎಣ್ಣೆ ಏನಾದ್ರೂ ಹಾಕಿಸಿದ್ರಾ?

ಕಾಕಾ: ಇಲ್ಲಪ್ಪ. ಅದೇ ಹೇಳಿದ್ನಲ್ಲ. ಕಡಿಮೆ ಆಗೋದಿರಲಿ, ಜಾಸ್ತಿನೇ ಆಗಿದೆ.

ನಾನು: ಎಣ್ಣೆ ತಾನಾಗಿ ಹೆಚ್ಚೋಕೆ ಅದೇನು ಬಾವಿ ನೀರಾ? ಕಡ್ಡಿ ಮೂಸಿ ನೋಡಿ.

(ನಾಲ್ಕು ನಿಮಿಷ ಗುಂಪಿನಲ್ಲಿ ಸದ್ದಿಲ್ಲ.)

ಕಾಕಾ: ಡೀಸೆಲ್ ವಾಸನೆ.

ನಾನು: ಅದೇ ಆಗಿರೋದು. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂತು. ಮಾರುತಿಯವರು ಡೀಸೆಲ್ ಕಾರು ಮಾಡೋದು ನಿಲ್ಲಿಸಿದ್ದೂ ಆಗಲೇ. ನಿಮ್ಮ ಕಾರಿನ ಹೊಗೆ ಹೋಗೋ ದಾರಿಯಲ್ಲಿ ಡಿಪಿಎಫ್ ಅನ್ನೋ ಜರಡಿ ಇದೆ. ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತೆ. ತುಂಬಿದಾಗ ಗಾಡಿ ತಾನೇ ಒಂದಿಷ್ಟು ಡೀಸೆಲ್ ಜಾಸ್ತಿ ಬಿಟ್ಟು, 600 ಡಿಗ್ರಿ ಹತ್ತಿರ ಕಾಯಿಸಿ ಆ ಮಸಿಯನ್ನು ಸುಡುತ್ತೆ. ನೀವು ಮನೆಯಿಂದ ಆಫೀಸಿಗೆ ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡ್ತೀರಿ. ಸುಡೋ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಹೀಗೆ ಮತ್ತೆ ಮತ್ತೆ ಆದಾಗ ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಎಣ್ಣೆಗೆ ಇಳಿಯುತ್ತೆ. ಈಗ ನಿಮ್ಮ ಚೇಂಬರ್‌ನಲ್ಲಿ ಇರೋದು ಎಣ್ಣೆ ಅಲ್ಲ, ಸಾರು. ಗೀಟು ದಾಟಿದ ಮೇಲೆ ಓಡಿಸಬೇಡಿ, ಚೇಂಜ್ ಮಾಡಿಸಿ. ಆಮೇಲೆ ವಾರಕ್ಕೊಮ್ಮೆ ಹೊಸಪೇಟೆ ಹೈವೇಯಲ್ಲಿ ಅರ್ಧ ತಾಸು ಒಂದೇ ಸಮ ಓಡಿಸಿ.

ಕಾಕಾ: ಚೇಂಜ್ ಮಾಡಿಸೋದೇ ಆದ್ರೆ ಅಣ್ಣನ ಬಕೆಟ್ ಇದೆಯಲ್ಲ?

ನಾನು: ಅದೇ ಬೇಡ ಅಂದಿದ್ದು ಕಾಕಾ! ಮಸಿ ಸುಡುತ್ತೆ, ಬೂದಿ ಸುಡಲ್ಲ. ಯಾವ ಎಂಜಿನ್ ಆದ್ರೂ ಚೂರುಪಾರು ಎಣ್ಣೆ ಉರಿಯೋದೇ. ಎಣ್ಣೆಯಲ್ಲಿ ಕ್ಯಾಲ್ಸಿಯಂ, ಜಿಂಕ್ ಇರುತ್ತೆ, ಅದು ಬೂದಿಯಾಗಿ ಜರಡಿಯಲ್ಲಿ ಕೂರುತ್ತೆ. ಒಲೆಯ ಬೂದಿ ತೆಗೆಯದೆ ದಿನಾ ಕಟ್ಟಿಗೆ ತುರುಕಿದ ಹಾಗೆ. ಸಿಐ-4 ಗ್ರೇಡ್ 2002ರದ್ದು, ಈ ಜರಡಿ ಲಾರಿಗಳಿಗೆ ಬರೋ ಮುಂಚಿನದು. ನಿಮಗೆ ಬೂದಿ ಕಡಿಮೆ ಬಿಡೋ ಎಣ್ಣೆ ಬೇಕು. ಡಬ್ಬಿ ಹಿಂದೆ ಎಸಿಇಎ ಸಿ2 ಅಥವಾ ಸಿ3 ಅಂತ ಇರುತ್ತೆ. ನಿಮ್ಮ ಪುಸ್ತಕದಲ್ಲಿ ಇರೋದನ್ನೇ ಹಾಕಿಸಿ. ಹೊಸ ಡಿಪಿಎಫ್ ಬೆಲೆ ಕೇಳಿದ್ರೆ ಈ ಬಕೆಟ್ ಬೆಲೆ ನಗು ತರಿಸುತ್ತೆ.

ದೊಡ್ಡಪ್ಪ: ಎಣ್ಣೆ ಬಿಡು. ಫಿಲ್ಟರ್ ಆದ್ರೂ ನಾನು ಹೇಳಿದ ಹಾಗೆ ಮಾಡಿ. ಟ್ರ್ಯಾಕ್ಟರ್ ಏರ್ ಕ್ಲೀನರ್‌ಗೆ ಎಣ್ಣೆ ಹಾಕ್ತೀವಲ್ಲ, ಕಾರಿನ ಏರ್ ಫಿಲ್ಟರ್‌ಗೂ ಸ್ವಲ್ಪ ಸವರಿದ್ರೆ ಧೂಳು ಅಂಟಿಕೊಳ್ಳುತ್ತೆ.

ನಾನು: ಟ್ರ್ಯಾಕ್ಟರ್‌ನದು ಎಣ್ಣೆ ತೊಟ್ಟಿ, ಕಾರಿನದು ಪೇಪರ್. ಎಣ್ಣೆ ಸವರಿದ್ರೆ ಪೇಪರ್ ಕಟ್ಟಿಕೊಳ್ಳುತ್ತೆ, ಮುಂದೆ ಗಾಳಿ ಅಳೆಯೋ ಸೆನ್ಸರ್ ಕೆಡುತ್ತೆ. ಧೂಳಿನ ವಿಷಯ ಮಾತ್ರ ನೀವು ಹೇಳೋದು ಸರಿ. ಗಿಣಿಗೇರಾ ಕಾರ್ಖಾನೆಗಳ ಕಡೆ ದಿನಾ ಓಡಾಡೋ ಗಾಡಿಯ ಫಿಲ್ಟರ್ ತಟ್ಟಿದ್ರೆ ಕರಿ ಪುಡಿ ಉದುರುತ್ತೆ, ಗಂಗಾವತಿ ಮಿಲ್ ಕಡೆಯದಾದ್ರೆ ಭತ್ತದ ಹೊಟ್ಟು. ಪುಸ್ತಕ ಬರೆದವರು ನಮ್ಮ ರಸ್ತೆ ನೋಡಿಲ್ಲ. ಎಣ್ಣೆಯಲ್ಲಿ ಪುಸ್ತಕ ಕೇಳಿ, ಏರ್ ಫಿಲ್ಟರ್‌ನಲ್ಲಿ ಕಣ್ಣಿಂದ ನೋಡಿ. ಗಾಳಿ ಹೊಡೆಸಿದ್ರೂ ಮೆಲ್ಲಗೆ, ಒಳಗಿನಿಂದ ಹೊರಕ್ಕೆ. ಜೋರಾಗಿ ಹೊಡೆದು ಪೇಪರ್ ಹರಿದವರು ದಿನಾ ಅಂಗಡಿಗೆ ಬರ್ತಾರೆ.

ಭಾವ: ಆಯಿಲ್ ಫಿಲ್ಟರ್ ಎರಡು ಸಲಕ್ಕೊಮ್ಮೆ ಸಾಕಲ್ವಾ?

ನಾನು: ಸ್ನಾನ ಮಾಡಿ ಹಳೆ ಬಟ್ಟೆ ಹಾಕ್ಕೊಂಡ ಹಾಗಾಗುತ್ತೆ ಭಾವ. ಪ್ರತಿ ಸಲ ಬದಲಾಯಿಸಿ. ಡಿಸೈರ್‌ನಲ್ಲಿ ಒಳಗಡೆ ಪೇಪರ್ ಫಿಲ್ಟರ್ ಬರುತ್ತೆ, ಜೊತೆಗೆ ಬರೋ ರಬ್ಬರ್ ರಿಂಗ್ ಕೂಡ ಹೊಸದೇ ಹಾಕಬೇಕು. ಚೇಂಬರ್ ನಟ್ಟಿನ ವಾಷರ್ ಮರೀಬೇಡಿ. ಡೀಸೆಲ್ ಫಿಲ್ಟರ್ ಬೇರೆ. ಅದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಎರಡು ವರ್ಷದ ಹಿಂದೆ ದೊಡ್ಡ ಮಳೆ ಬಂದ ಮರುದಿನ ಒಂದು ಬಂಕಿನಲ್ಲಿ ತುಂಬಿಸಿದೆ. ಊರು ಮುಟ್ಟೋ ಮೊದಲೇ ನೀರಿನ ಲೈಟ್ ಹತ್ತಿತು. ಮೇಸ್ತ್ರಿ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ಬಾಟಲಿ ಹಿಡಿದ. ಕೆಳಗೆ ತಿಳಿ ನೀರು, ಮೇಲೆ ಹಳದಿ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ. ಅರ್ಧ ಬಾಟಲಿ ನೀರು! ಆ ಫಿಲ್ಟರ್ ತಡೆಯದಿದ್ರೆ ನೀರು ಸೀದಾ ಪಂಪಿಗೆ, ಇಂಜೆಕ್ಟರ್‌ಗೆ. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್‌ಗಿಂತ ಜಾಸ್ತಿ. ಅಲ್ಲಿ ಲೋಕಲ್ ಫಿಲ್ಟರ್ ಹಾಕಿ ಇನ್ನೂರು ರೂಪಾಯಿ ಉಳಿಸೋದು ಬೇಡ.

ದೊಡ್ಡಪ್ಪ: ಆಯ್ತಪಾ. ಟ್ರ್ಯಾಕ್ಟರ್ ಬಿಟ್ರೆ ಯಾವುದಕ್ಕೂ ಬೇಡ ಅಂತಾಯ್ತು. ಡಿಸೈರ್ ಎಣ್ಣೆ ದುಡ್ಡು ಯಾರು ಕೊಡ್ತಾರೆ?

(ಎಲ್ಲರೂ ನೋಡಿದರು. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ.)

ಅಕ್ಕ: ಮೂರು ಮನೆ, ಮೂರು ಪಾಲು. ಸದ್ದು ಕೇಳೋದು ನಾನು, ಬೇಕಿದ್ರೆ ಫಿಲ್ಟರ್ ಕೂಡ ನಂದು.

ದೊಡ್ಡಪ್ಪ: ಸರಿ. ಬಕೆಟ್‌ನಲ್ಲಿ 13 ಲೀಟರ್ ಉಳಿಯುತ್ತಲ್ಲ, ಅದನ್ನೇನು ಮಾಡ್ಲಿ?

ನಾನು: ಮುಚ್ಚಳ ಬಿಗಿ ಮಾಡಿ ನೆರಳಲ್ಲಿಡಿ. ಟ್ರ್ಯಾಕ್ಟರ್‌ನ ಮುಂದಿನ ಚೇಂಜ್‌ಗೆ ಬರುತ್ತೆ.

ಚಿಗವ್ವ: ಖಾಲಿ ಆದ ಮೇಲೆ ಬಕೆಟ್ ನನಗೆ. ಬೆಳಿಗ್ಗೆನೇ ಕೇಳಿದ್ದೆ.

ಅಕ್ಕ: ಫಿಲ್ಟರ್ ದುಡ್ಡು ಕೊಡೋಳು ನಾನು!

ದೊಡ್ಡವ್ವ: (ನಾಲ್ಕು ಸೆಕೆಂಡಿನ ವಾಯ್ಸ್ ಮೆಸೇಜ್) ಬಕೆಟ್ ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ.